ಇಪ್ಪತ್ತೈದು ಅಂಕದ ಸವಳು ಮಣ್ಣು

ಎಲ್ಲರಿಗೂ ನಮಸ್ಕಾರ. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಆಮೇಲೆ ಪದವಿ ತರಗತಿಗಳಿಗೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮೊದಲು ರೂಪಿಸಿದ ಪಠ್ಯದಲ್ಲಿ 75 ಅಂಕ ಲಿಖಿತ ಪರೀಕ್ಷೆಗೆ, 25 ಕ್ಷೇತ್ರಕಾರ್ಯಕ್ಕೆ ಇದ್ದವು. ಆ 25 ಹೇಗೆ ಬೀಳುತ್ತಿದ್ದವೆಂದು ನಿಮಗೇ ಗೊತ್ತು: ಹೋದ ವರ್ಷದವರ ವರದಿ, ಹೊಸ ರಟ್ಟು. ಎಂ.ಎಸ್ಸಿ.ಗೆ ಬಂದರೂ ಈ ಚಾಳಿ ಬಿಡುವುದಿಲ್ಲ. ಅದಕ್ಕೇ ಇವತ್ತು ಒಂದೇ ಒಂದು ಕ್ಷೇತ್ರಕಾರ್ಯದ ಮಾತು: ಸವಳು, ಅಂದರೆ ಉಪ್ಪೇರಿದ ಮಣ್ಣನ್ನು ಅಳೆಯುವುದು.

ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ಆದರೆ ಗಂಗಾವತಿ, ಸಿಂಧನೂರಿನಲ್ಲಿ ಭತ್ತ ತುಂಬಿತು. ಎರೆ ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಒಳನೀರು ಮೇಲೇರಿ, ಬೇಸಿಗೆಯಲ್ಲಿ ಆವಿಯಾಗಿ, ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ಕಾಲುವೆಯ ಮೇಲ್ಭಾಗದಲ್ಲಿ ಸವಳು-ಜವಳು (ಉಪ್ಪೇರಿದ, ನೀರು ನಿಂತ ನೆಲ); ಮಾನ್ವಿ, ರಾಯಚೂರಿನ ಕೊನೆ ಭಾಗಕ್ಕೆ ನೀರಿನ ಕೊರತೆ. ಒಂದು ಉಪಕಾಲುವೆ ಹಿಡಿದು ಮೇಲೆ, ನಡು, ಕೊನೆ ಮೂರೂ ಕಡೆ ಐದೈದು ಹೊಲ ಆರಿಸಿಕೊಳ್ಳಿ.

ಬೇಸಿಗೆ ಬೆಳೆ ಕೊಯ್ದು ಗದ್ದೆ ಒಣಗಿದ ಮೇಲೆ ಹೋಗಿ. ನೀರು ಕಟ್ಟಿದ ಹೊತ್ತಿನಲ್ಲಿ ಉಪ್ಪು ಕೆಳಗಿಳಿದು ಅಳತೆ ಮೋಸ ಮಾಡುತ್ತದೆ. ಬದು, ತಿಪ್ಪೆ, ಮರದ ಬುಡ ಬಿಟ್ಟು ಅಡ್ಡಾದಿಡ್ಡಿಯಾಗಿ ಹತ್ತು-ಹದಿನೈದು ಕಡೆ 15 ಸೆಂ.ಮೀ. ಆಳದವರೆಗೆ ಮಣ್ಣು ತೆಗೆಯಿರಿ. ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರು ಎರಡು ಭಾಗ ಚೆಲ್ಲುತ್ತಾ ಅರ್ಧ ಕಿಲೋಗೆ ಇಳಿಸಿ. ನೆರಳಲ್ಲಿ ಒಣಗಿಸಿ, ಕುಟ್ಟಿ, 2 ಮಿ.ಮೀ. ಜರಡಿ ಹಿಡಿಯಿರಿ. 20 ಗ್ರಾಂ ಮಣ್ಣಿಗೆ 40 ಮಿ.ಲೀ. ಭಟ್ಟಿ ಇಳಿಸಿದ ನೀರು. ಅರ್ಧ ಗಂಟೆ ಆಗಾಗ ಕಲಕಿ, ತಿಳಿಯಾದ ಮೇಲೆ ಇಸಿ (ವಿದ್ಯುತ್ ವಾಹಕತೆ) ಮೀಟರ್ ಅದ್ದಿ; ಉಪ್ಪು ಹೆಚ್ಚಿದಷ್ಟೂ ಅಳತೆ ಹೆಚ್ಚು. ಬೋರ್‌ವೆಲ್ ನೀರು ಹಾಕಿದರೋ, ಅಳೆದದ್ದು ಬೋರ್‌ವೆಲ್ಲನ್ನೇ!

ಎಡವುವುದು ಮೀಟರಿನಲ್ಲೇ. ಮೊದಲು 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ನೋಡಿ. 25 ಡಿಗ್ರಿಯಲ್ಲಿ ಮೀಟರಿಗೆ 1.41 ಡೆಸಿಸೀಮೆನ್ಸ್ (dS/m) ತೋರಬೇಕು. ಒಂದು ಡಿಗ್ರಿ ಏರಿದರೆ ಅಳತೆ ಸುಮಾರು ಶೇ 2ರಷ್ಟು ಏರುತ್ತದೆ. ತಾಪ ಸರಿದೂಗಿಸದ ಮೀಟರನ್ನು 40 ಡಿಗ್ರಿ ಬಿಸಿಲಲ್ಲಿ ಹಿಡಿದರೆ ಒಳ್ಳೆಯ ಹೊಲವೂ ಸವಳಾಗಿ ಕಾಣುತ್ತದೆ. ಇನ್ನೊಂದು: ಪುಸ್ತಕದಲ್ಲಿರುವ ‘4 ದಾಟಿದರೆ ಸವಳು’ ಎಂಬುದು ಮಣ್ಣಿನ ಸಂತೃಪ್ತ ಕೆಸರಿನಿಂದ (ಹೀರುವಷ್ಟೇ ನೀರು ತುಂಬಿದ ಕೆಸರು) ಹಿಂಡಿದ ನೀರಿನ ಲೆಕ್ಕ. ಒಂದಕ್ಕೆರಡು ನೀರು ಬೆರೆಸಿದಾಗ 1 ದಾಟಿದರೇ ಮೊಳಕೆಗೆ ಅಪಾಯ. ಎರಡನ್ನೂ ಒಂದೇ ಪಟ್ಟಿಯಲ್ಲಿ ಕೂರಿಸಬೇಡಿ.

ಎಲ್ಲ ವರದಿಗಳ ಕೊನೆಯಲ್ಲೂ ‘ಜಿಪ್ಸಂ ಹಾಕಬೇಕು’ ಅಂತಿರುತ್ತದೆ. ಸೋಡಿಯಂ ಏರಿ ರಸಸಾರ (ಪಿಎಚ್) 8.5 ದಾಟಿದ ಕ್ಷಾರ ಮಣ್ಣಿಗೆ ಸರಿ. ಬರೀ ಉಪ್ಪಿನ ಮಣ್ಣಿಗೆ ಬೇಕಾದದ್ದು ಬಸಿಗಾಲುವೆ.

ರೈತರನ್ನು ‘ನಿಮ್ಮ ಹೊಲ ಸವಳಾಗಿದೆಯಾ?’ ಎಂದು ಕೇಳಬೇಡಿ, ಹೂಂ ಅಂದುಬಿಡುತ್ತಾರೆ. ‘ಯಾವ ವರ್ಷದಿಂದ ಜೋಳ ಬಿಟ್ರಿ? ಎಕರೆಗೆ ಎಷ್ಟು ಚೀಲ?’ ಎನ್ನಿ. ಚೀಲ ಎಷ್ಟು ಕಿಲೋದ್ದೆಂದೂ ಕೇಳಿ ಬರೆದುಕೊಳ್ಳಿ. ಮಿಕ್ಕ ಮಣ್ಣನ್ನು ಹೆಸರು, ಸರ್ವೆ ನಂಬರ್, ತಾರೀಖಿನ ಚೀಟಿ ಹಾಕಿ ಕಟ್ಟಿಡಿ. ಅನುಮಾನ ಬಂದರೆ ನಾವು ಮತ್ತೆ ಅಳೆಯುತ್ತೇವೆ.