ಹೆಸರು ಹುಡುಕುವವರು, ವಸ್ತು ಹುಡುಕುವವರು

ಶ್ರೋತೃಗಳಿಗೆ ನಮಸ್ಕಾರ.

ಕಳೆದ ವರ್ಷ ನನ್ನ ಓಟದ ಶೂ ಸವೆದುಹೋಗಿ ಹೊಸದನ್ನು ಕೊಳ್ಳಬೇಕಾಯಿತು. ಮೊಬೈಲಿನಲ್ಲಿ ಖರೀದಿಯ ಆ್ಯಪ್ ತೆರೆದು ನಾನು ಮೊದಲು ಬರೆದದ್ದು ಕಂಪನಿಯ ಹೆಸರು, ಆಮೇಲೆ ಮಾದರಿಯ ಹೆಸರು, ಕೊನೆಗೆ ಪಾದದ ಅಳತೆ. ಬೇರೆ ಯಾವ ಶೂವಿನ ಚಿತ್ರವನ್ನೂ ನೋಡದೆ ಆರ್ಡರ್ ಮಾಡಿ ಮುಗಿಸಿದೆ. ಅದೇ ವಾರ ಫೋನ್ ಚಾರ್ಜ್ ಮಾಡುವ ಕೇಬಲ್ ಕೆಟ್ಟಿತು. ಆಗ ಬರೆದದ್ದು 'ಕೇಬಲ್' ಎಂಬ ಒಂದೇ ಪದ. ಸಾಲಾಗಿ ಬಂದವುಗಳಲ್ಲಿ ನಕ್ಷತ್ರಗಳು ಹೆಚ್ಚಿದ್ದುದನ್ನು, ಮರುದಿನವೇ ಮನೆಗೆ ತಲುಪುವುದನ್ನು ಆರಿಸಿಕೊಂಡೆ. ಅದನ್ನು ತಯಾರಿಸಿದವರು ಯಾರೆಂದು ಅಂದು ನೋಡಲಿಲ್ಲ.

ಆನ್‌ಲೈನ್ ಖರೀದಿಯ ಈ ಕಾಲದಲ್ಲಿ ಗ್ರಾಹಕರ ಬ್ರ್ಯಾಂಡ್ ನಿಷ್ಠೆ ಉಳಿದಿದೆಯೇ ಎಂಬ ಪ್ರಶ್ನೆಗೆ ಹೌದು ಎನ್ನುವವರೂ ಇಲ್ಲ ಎನ್ನುವವರೂ ಅಷ್ಟೇ ಖಚಿತವಾಗಿ ಮಾತಾಡುವುದನ್ನು ಕೇಳಿದಾಗಲೆಲ್ಲ ನನಗೆ ಈ ಎರಡು ಹುಡುಕಾಟಗಳು ನೆನಪಾಗುತ್ತವೆ. ಕೊಂಡವನು ಒಬ್ಬನೇ, ವಾರವೂ ಒಂದೇ. ಆದರೂ ಒಂದು ಕಡೆ ಹೆಸರೇ ಎಲ್ಲವೂ ಆಗಿತ್ತು, ಇನ್ನೊಂದು ಕಡೆ ಹೆಸರಿಗೆ ಯಾವ ಬೆಲೆಯೂ ಇರಲಿಲ್ಲ. ಹೀಗೇಕೆ ಎಂದು ತಿಳಿಯಬೇಕಾದರೆ, ನಿಷ್ಠೆ ಎಂದು ನಾವು ಕರೆಯುತ್ತ ಬಂದದ್ದು ಏನನ್ನು ಎಂದು ಮೊದಲು ನೋಡಬೇಕು.

1923ರಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕ ಮೆಲ್ವಿನ್ ಕೋಪ್‌ಲ್ಯಾಂಡ್ ಅವರು ಗ್ರಾಹಕರ ಕೊಳ್ಳುವ ಅಭ್ಯಾಸಗಳ ಬಗ್ಗೆ ಬರೆಯುತ್ತ, ಬ್ರ್ಯಾಂಡ್‌ನೊಂದಿಗೆ ಕೊಳ್ಳುವವನ ಸಂಬಂಧಕ್ಕೆ ಮೂರು ಮೆಟ್ಟಿಲುಗಳನ್ನು ಗುರುತಿಸಿದರು. ಹೆಸರನ್ನು ಕಂಡರೆ ಗುರುತಿಸುವುದು ಮೊದಲನೆಯದು. ಹಲವುಗಳ ನಡುವೆ ಅದಕ್ಕೆ ಒಲಿಯುವುದು ಎರಡನೆಯದು. ಇದೇ ಬೇಕು, ಬೇರೆ ಯಾವುದೂ ಬೇಡ ಎಂದು ಪಟ್ಟು ಹಿಡಿಯುವುದು ಮೂರನೆಯದು. ಆ ಕಾಲದಲ್ಲಿ ಪಟ್ಟು ಹಿಡಿದವನಿಗೆ ಶ್ರಮವಿತ್ತು. ಈ ಅಂಗಡಿಯಲ್ಲಿ ಸಿಗದಿದ್ದರೆ ಇನ್ನೊಂದು ಅಂಗಡಿಗೆ ನಡೆಯಬೇಕಿತ್ತು. ಆದ್ದರಿಂದ ಮೂರನೆಯ ಮೆಟ್ಟಿಲನ್ನು ಹತ್ತಿದವರು ಎಂದೂ ಬಹಳ ಮಂದಿ ಇರಲಿಲ್ಲ. ಹಿಂದಿನವರೆಲ್ಲ ನಿಷ್ಠರು, ಇಂದಿನವರೆಲ್ಲ ಚಂಚಲರು ಎಂಬ ಮಾತು ಕೇಳಲು ಸೊಗಸಾಗಿದ್ದರೂ ನಿಜವಲ್ಲ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಆ್ಯಂಡ್ರ್ಯೂ ಎಹ್ರೆನ್‌ಬರ್ಗ್ ಅವರು ಇಂಟರ್ನೆಟ್ ಬರುವುದಕ್ಕೆ ದಶಕಗಳ ಮೊದಲೇ ಮನೆಮನೆಗಳ ಖರೀದಿಯ ದಾಖಲೆಗಳನ್ನು ಕೂಡಿಸಿ ಕಳೆದು ತೋರಿಸಿದ್ದೂ ಇದನ್ನೇ: ಹೆಚ್ಚಿನ ಜನರು ಒಂದೇ ಬ್ರ್ಯಾಂಡಿಗೆ ಅಂಟಿಕೊಳ್ಳದೆ, ತಮಗೆ ಒಗ್ಗಿದ ಕೆಲವೇ ಬ್ರ್ಯಾಂಡ್‌ಗಳ ನಡುವೆ ಸುತ್ತುತ್ತಿರುತ್ತಾರೆ.

ಹಾಗಾದರೆ ಮತ್ತೆ ಮತ್ತೆ ಒಂದೇ ಹೆಸರನ್ನು ಕೊಳ್ಳುತ್ತಿದ್ದುದಕ್ಕೆ ಕಾರಣವೇನು? ಅದಕ್ಕೆ ಅರ್ಥಶಾಸ್ತ್ರಜ್ಞರು ಕೊಟ್ಟ ಉತ್ತರ ನನಗೆ ಬಹಳ ಒಪ್ಪಿಗೆಯಾಗಿದೆ. ಹುಡುಕುವುದಕ್ಕೂ ವೆಚ್ಚವಿದೆ ಎಂಬುದನ್ನು ಜಾರ್ಜ್ ಸ್ಟಿಗ್ಲರ್ 1961ರಲ್ಲಿ ವಿವರಿಸಿದರು. ಹತ್ತು ಕಡೆ ವಿಚಾರಿಸಿ ಕೊಳ್ಳುವುದರಲ್ಲಿ ಹೋಗುವ ಹೊತ್ತನ್ನು ಲೆಕ್ಕ ಹಾಕಿದರೆ, ಒಂದು ಹಂತದ ನಂತರ ವಿಚಾರಣೆ ನಿಲ್ಲಿಸಿ ಕೈಗೆ ಸಿಕ್ಕಿದ್ದನ್ನು ಕೊಳ್ಳುವುದೇ ಲಾಭ. ಮಾರುವವನಿಗೆ ಸರಕಿನ ಗುಣ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಮಾರುಕಟ್ಟೆಯೇ ಕೆಟ್ಟುಹೋಗಬಹುದು ಎಂದು 1970ರಲ್ಲಿ ತೋರಿಸಿದ ಜಾರ್ಜ್ ಅಕರ್‌ಲಾಫ್, ಅದನ್ನು ತಡೆಯುವ ವ್ಯವಸ್ಥೆಗಳ ಸಾಲಿನಲ್ಲಿ ಗ್ಯಾರಂಟಿಯ ಜೊತೆಗೆ ಬ್ರ್ಯಾಂಡ್ ಹೆಸರನ್ನೂ ಇಟ್ಟರು. ಸರಕು ಕೆಟ್ಟದ್ದಾದರೆ ಕೊಂಡವನು ಆ ಹೆಸರನ್ನು ಮುಂದೆ ಮುಟ್ಟುವುದಿಲ್ಲ. ಆ ಭಯವೇ ತಯಾರಕನನ್ನು ಸರಿದಾರಿಯಲ್ಲಿ ಇಡುತ್ತದೆ.

ಅಂದರೆ ನಿಷ್ಠೆ ಎಂದು ನಾವು ಹೆಸರಿಟ್ಟದ್ದರಲ್ಲಿ ಮೆಚ್ಚುಗೆ ಇದ್ದಂತೆಯೇ ಹುಡುಕುವ ಬೇಸರವೂ ಇತ್ತು, ಮೋಸಹೋಗುವ ಅಂಜಿಕೆಯೂ ಇತ್ತು. ಆನ್‌ಲೈನ್ ಖರೀದಿ ಮೊದಲು ಕರಗಿಸಿದ್ದು ಈ ಬೇಸರವನ್ನು, ಆಮೇಲೆ ಸ್ವಲ್ಪ ಮಟ್ಟಿಗೆ ಅಂಜಿಕೆಯನ್ನು. ನಮಗಿಂತ ಮೊದಲು ಕೊಂಡ ಸಾವಿರಾರು ಜನರ ಅನುಭವ ಬೆರಳ ತುದಿಯಲ್ಲಿ ಸಿಗುವಾಗ, ಹೆಸರು ಮಾಡುತ್ತಿದ್ದ ಕೆಲಸದ ಒಂದು ಭಾಗವನ್ನು ರೇಟಿಂಗ್‌ಗಳು ವಹಿಸಿಕೊಂಡವು. ಇದು ಬರೀ ಊಹೆಯಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ಹೋಟೆಲ್‌ಗಳ ಆದಾಯವನ್ನು ಪರಿಶೀಲಿಸಿದ ಬ್ರೆಟ್ ಹೋಲೆನ್‌ಬೆಕ್, ಹೆಸರಾಂತ ಸರಪಳಿಗೆ ಸೇರಿದ ಹೋಟೆಲ್‌ಗಳು ಸ್ವತಂತ್ರ ಹೋಟೆಲ್‌ಗಳಿಗಿಂತ ಹೆಚ್ಚಾಗಿ ಗಳಿಸುತ್ತಿದ್ದ ಮೊತ್ತ 2000ದಿಂದ 2015ರ ನಡುವೆ ಅರ್ಧಕ್ಕಿಂತಲೂ ಹೆಚ್ಚು ಕುಗ್ಗಿತೆಂದು ಕಂಡುಕೊಂಡರು. ಆನ್‌ಲೈನ್ ವಿಮರ್ಶೆಗಳು ಬೆಳೆದ ಅವಧಿಯೂ ಅದೇ. ಪರವೂರಿನಲ್ಲಿ ರಾತ್ರಿ ತಂಗಬೇಕಾದವನಿಗೆ ಪರಿಚಿತ ಫಲಕವೊಂದೇ ಧೈರ್ಯವಾಗಿದ್ದ ದಿನಗಳು ಹಾಗೆ ಮುಗಿದವು. ಒಳ್ಳೆಯದೇ ಆಯಿತು ಎಂದು ನಾನು ಮನಸಾರೆ ಹೇಳುತ್ತೇನೆ. ಎಷ್ಟೋ ಕಾಲ ಒಳ್ಳೆಯ ಕೆಲಸ ಮಾಡಿಯೂ ಹೆಸರಿಲ್ಲದ ಕಾರಣಕ್ಕೆ ಹಿಂದೆ ಉಳಿದವರಿಗೆ ಅದರಿಂದ ಬಾಗಿಲು ತೆರೆಯಿತು.

ತಿಳಿವಳಿಕೆ ಹೆಚ್ಚಿದಷ್ಟೂ ಹೆಸರಿನ ಹಿಡಿತ ಸಡಿಲವಾಗುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿಯನ್ನು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಕುಟುಂಬಗಳ ಖರೀದಿಯನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಲೆನೋವಿನ ಮಾತ್ರೆ ಕೊಳ್ಳುವಾಗ ಸಾಮಾನ್ಯ ಗ್ರಾಹಕರು ಸುಮಾರು ಶೇಕಡಾ 26ರಷ್ಟು ಸಲ ಹೆಸರಾಂತ ಬ್ರ್ಯಾಂಡನ್ನು ಆರಿಸಿಕೊಂಡರೆ, ಫಾರ್ಮಸಿಸ್ಟ್‌ಗಳು ಹಾಗೆ ಮಾಡಿದ್ದು ಶೇಕಡಾ 9ರಷ್ಟು ಸಲ ಮಾತ್ರ. ಪೊಟ್ಟಣ ಬೇರೆಯಾದರೂ ಒಳಗಿನ ಔಷಧ ಒಂದೇ ಎಂಬುದು ಅವರಿಗೆ ಗೊತ್ತು. ನನ್ನ ಕೇಬಲ್ಲಿನ ಕಥೆಯೂ ಇದೇ ಜಾತಿಯದು. ವಿದ್ಯುತ್ ಹರಿದರೆ ಸಾಕು ಎಂಬ ವಸ್ತುವಿಗೆ ಹೆಸರು ಏಕೆ ಬೇಕು?

ಆದರೆ ಎಲ್ಲ ವಸ್ತುಗಳೂ ಹಾಗಿಲ್ಲ, ಕೊಳ್ಳುವ ಮನಸ್ಸೂ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಹೋದ ಅಮೆರಿಕನ್ನರು ಹೊಸ ಜಾಗದಲ್ಲಿ ಯಾವ ಬ್ರ್ಯಾಂಡ್ ಕೊಳ್ಳುತ್ತಾರೆ ಎಂದು ಬ್ರೊನ್ನೆನ್‌ಬರ್ಗ್, ದ್ಯುಬೆ ಮತ್ತು ಜೆಂಟ್ಸ್‌ಕೋ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೆಕ್ಕ ಹಾಕಿದರು. ಹಳೆಯ ಮತ್ತು ಹೊಸ ಜಾಗಗಳ ಅಭ್ಯಾಸದ ನಡುವಿನ ಅಂತರದಲ್ಲಿ ಸುಮಾರು ಶೇಕಡಾ 60 ಭಾಗ ಬಂದಿಳಿದ ಕೂಡಲೇ ಮುಚ್ಚಿಹೋಗುತ್ತದೆ. ಅಲ್ಲಿ ಏನು ಸಿಗುತ್ತದೋ ಅದನ್ನೇ ಅವರು ಕೊಳ್ಳುತ್ತಾರೆ. ಉಳಿದ ಶೇಕಡಾ 40 ಮಾತ್ರ ಸುಲಭವಾಗಿ ಅಲ್ಲಾಡುವುದಿಲ್ಲ. ಅದರಲ್ಲಿ ಅರ್ಧ ಕರಗುವುದಕ್ಕೇ 20 ವರ್ಷಕ್ಕಿಂತ ಹೆಚ್ಚು ಬೇಕು. ಮೊದಲ ಭಾಗ ಅನುಕೂಲ, ಎರಡನೆಯದು ಒಡನಾಟ. ಇಷ್ಟು ಆಳಕ್ಕೆ ಇಳಿದ ಒಡನಾಟವನ್ನು ಪರದೆಯ ಮೇಲಿನ ಒಂದು ರಿಯಾಯಿತಿ ಕಿತ್ತುಹಾಕುತ್ತದೆಂದು ನಾನು ನಂಬುವುದಿಲ್ಲ.

ಶೂವಿನ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಕೂತು ಮೂರು ಜೋಡಿ ಹಾಕಿ ನೋಡುವ ಅವಕಾಶವಿದ್ದಾಗ ಯಾವ ಕಂಪನಿಯದಾದರೂ ನಡೆಯುತ್ತಿತ್ತು, ಏಕೆಂದರೆ ತೀರ್ಪು ಹೇಳಲು ಪಾದವೇ ಇತ್ತು. ಪರದೆಯ ಮೇಲೆ ಪಾದ ಏನನ್ನೂ ಹೇಳಲಾರದು. ಒಂದೇ ಅಳತೆಯ ಸಂಖ್ಯೆ ಬರೆದಿದ್ದರೂ ಒಂದು ಕಂಪನಿಯ ಶೂ ಕಿರುಬೆರಳನ್ನು ಒತ್ತುತ್ತದೆ, ಇನ್ನೊಂದರದು ಹಿಮ್ಮಡಿಯಲ್ಲಿ ಜಾರುತ್ತದೆ. ಆದ್ದರಿಂದ ಒಮ್ಮೆ ಸರಿಹೊಂದಿದ್ದನ್ನು ಬಿಡಲು ಧೈರ್ಯ ಬರುವುದಿಲ್ಲ. ಮುಟ್ಟಿ ನೋಡಲಾಗದ, ಬೇರೆಯವರ ಅನುಭವ ತನಗೆ ಹೊಂದದ ಸರಕುಗಳಲ್ಲಿ ಆನ್‌ಲೈನ್ ಖರೀದಿ ಬ್ರ್ಯಾಂಡ್ ನಿಷ್ಠೆಯನ್ನು ಸಡಿಲಿಸುವುದಕ್ಕೆ ಬದಲಾಗಿ ಬಿಗಿಗೊಳಿಸಿದೆ. ಈ ಮಾತನ್ನು ಬಹಳ ಮಂದಿ ಗಮನಿಸಿಲ್ಲ ಎಂಬುದು ನನ್ನ ಅನಿಸಿಕೆ.

ಇನ್ನು ನಿಷ್ಠೆ ನೆಲೆ ಬದಲಿಸಿದ ಸಂಗತಿ. ಇಂಟರ್ನೆಟ್ ವ್ಯಾಪಾರ ಹೊಸದಾಗಿದ್ದಾಗ ಪುಸ್ತಕಗಳ ಬೆಲೆ ಹೋಲಿಸುವ ತಾಣವೊಂದರ ಬಳಕೆದಾರರನ್ನು ಮೈಕಲ್ ಸ್ಮಿತ್ ಮತ್ತು ಎರಿಕ್ ಬ್ರಿನ್ಯಾಲ್ಫ್‌ಸನ್ ಗಮನಿಸಿ, 2001ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಯಾರಿಂದ ಕೊಂಡರೂ ಪುಸ್ತಕ ಅದೇ, ಒಂದು ಅಕ್ಷರವೂ ವ್ಯತ್ಯಾಸವಿಲ್ಲ. ಕಡಿಮೆ ಬೆಲೆ ಎದುರಿಗೇ ಇದೆ. ಹಾಗಿದ್ದೂ ಜನರು ಪರಿಚಿತ ಮಾರಾಟಗಾರನಿಗೆ ಹೆಚ್ಚು ಹಣ ಕೊಡಲು ಸಿದ್ಧರಿದ್ದರು. ನಿಷ್ಠೆ ತಯಾರಕನಿಂದ ತಾಣದ ಕಡೆಗೆ ಸರಿಯತೊಡಗಿದ್ದರ ಮೊದಲ ಗುರುತುಗಳಲ್ಲಿ ಇದೂ ಒಂದು ಎಂದು ನಾನು ಓದಿಕೊಳ್ಳುತ್ತೇನೆ. ಮುಂದೆ ಆನ್‌ಲೈನ್ ಮಾರುಕಟ್ಟೆ ನಡೆಸುವ ಇಬೇ ಕಂಪನಿ 2012ರಲ್ಲಿ ಒಂದು ಪ್ರಯೋಗ ಮಾಡಿತು. ತನ್ನ ಹೆಸರನ್ನೇ ಬರೆದು ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತನ್ನು ಕೆಲವು ಹುಡುಕುತಾಣಗಳಲ್ಲಿ ನಿಲ್ಲಿಸಿತು. ಜಾಹೀರಾತಿನ ಮೂಲಕ ಬರುತ್ತಿದ್ದ ಕ್ಲಿಕ್‌ಗಳಲ್ಲಿ ಶೇಕಡಾ 99.5ರಷ್ಟು ಅದರ ಕೆಳಗಿನ ಉಚಿತ ಕೊಂಡಿಯಿಂದಲೇ ಬಂದುಬಿಟ್ಟವು. ಹೆಸರು ಹಿಡಿದು ಬರುವವರು ಕರೆದರೂ ಬರುತ್ತಾರೆ, ಕರೆಯದಿದ್ದರೂ ಬರುತ್ತಾರೆ. ಆ ಹೆಸರು ವಸ್ತುವಿನದಾಗಿರದೆ ಮಾರುಕಟ್ಟೆಯದಾಗಿತ್ತು ಎಂಬುದನ್ನು ಗಮನಿಸಬೇಕು.

ಅಮೆಜಾನ್ 1999ರಲ್ಲಿ ಒಂದೇ ಕ್ಲಿಕ್ಕಿನ ಖರೀದಿಗೆ ಪೇಟೆಂಟ್ ಪಡೆಯಿತು, 2005ರಲ್ಲಿ ವಾರ್ಷಿಕ ಚಂದಾದ ಪ್ರೈಮ್ ಸೇವೆಯನ್ನು ಆರಂಭಿಸಿತು. ವರ್ಷದ ಚಂದಾ ಕಟ್ಟಿದವನು ಅದು ವ್ಯರ್ಥವಾಗಬಾರದೆಂದು ಅಲ್ಲಿಯೇ ಮತ್ತೆ ಮತ್ತೆ ಕೊಳ್ಳುತ್ತಾನೆ. ವಿಳಾಸ, ಕಾರ್ಡಿನ ವಿವರ, ಹಳೆಯ ಆರ್ಡರ್‌ಗಳು ಎಲ್ಲವೂ ಅಲ್ಲಿರುವಾಗ ಬೇರೆಡೆ ಹೋಗುವುದೇ ದೊಡ್ಡ ಕೆಲಸವೆನಿಸುತ್ತದೆ. ಹಿಂದೆ ಬ್ರ್ಯಾಂಡಿಗೆ ಕಟ್ಟಿಹಾಕಿದ್ದ ಅದೇ ಬೇಸರ ಈಗ ತಾಣಕ್ಕೆ ಕಟ್ಟಿಹಾಕಿದೆ.

ಇದರಿಂದ ಆಗುವ ಅನ್ಯಾಯ ನನಗೆ ಅರ್ಥವಾದದ್ದು ಒಂದು ಪೊಟ್ಟಣ ಶೇವಿಂಗ್ ಬ್ಲೇಡಿನಿಂದ. ವರ್ಷಗಳಿಂದ ಬಳಸುತ್ತಿದ್ದ ಹೆಸರನ್ನೇ ಒಂದು ತಾಣದಲ್ಲಿ ಆರ್ಡರ್ ಮಾಡಿದ್ದೆ. ಎರಡನೆಯ ದಿನಕ್ಕೇ ಅಲಗು ಮೊಂಡಾಗಿ ಕೆನ್ನೆ ಉರಿಯತೊಡಗಿತು. ಕಂಪನಿ ಗುಣಮಟ್ಟ ಇಳಿಸಿದೆ ಎಂದು ಬೈದುಕೊಂಡೆ. ಎದುರಿಗೆ ಸಿಕ್ಕ ಇಬ್ಬರಿಗೆ ಹಾಗೆಯೇ ಹೇಳಿಯೂ ಹೇಳಿದೆ. ಬಚ್ಚಲಿನ ಕಪಾಟಿನಲ್ಲಿ ಉಳಿದಿದ್ದ ಹಳೆಯ ಪೊಟ್ಟಣವನ್ನು ಹೊಸದರ ಪಕ್ಕ ಇಟ್ಟು ನೋಡಿದಾಗ ವಿಷಯ ಹೊಳೆಯಿತು. ಹೊಸದರಲ್ಲಿ ನೀಲಿ ಬಣ್ಣ ತುಸು ಮಂಕಾಗಿತ್ತು, ಹೆಸರಿನ ಕೊನೆಯ ಅಕ್ಷರದ ಅಂಚು ಕಲೆಸಿಹೋಗಿತ್ತು, ಮಡಿಕೆಯ ಬಳಿ ಅಂಟು ಹೊರಗೆ ಉಕ್ಕಿ ಗಟ್ಟಿಯಾಗಿತ್ತು. ಅದು ನಕಲಿ. ದೂರು ಕೊಟ್ಟೆ, ಮೂರನೆಯ ದಿನ ಒಂದು ಪ್ರಶ್ನೆಯನ್ನೂ ಕೇಳದೆ ತಾಣದವರು ಹಣ ವಾಪಸ್ ಮಾಡಿದರು. ಪರವಾಗಿಲ್ಲ, ಇವರು ನಂಬಿಕಸ್ಥರು ಎಂದು ಸಮಾಧಾನವೂ ಆಯಿತು. ಆ ಸಮಾಧಾನ ಆರಿದ ಮೇಲೆ ನನಗೆ ನಾಚಿಕೆಯಾಯಿತು. ನಕಲಿ ಸರಕನ್ನು ತನ್ನ ಕಟ್ಟೆಯಲ್ಲಿ ಮಾರಲು ಬಿಟ್ಟವರಿಗೆ ನನ್ನ ನಂಬಿಕೆ ಹೆಚ್ಚಾಗಿತ್ತು. ಯಾವ ತಪ್ಪನ್ನೂ ಮಾಡದ ತಯಾರಕನಿಗೆ ನನ್ನ ಬೈಗುಳ ಬಿದ್ದಿತ್ತು. ಕೆಟ್ಟ ಹೆಸರು ತಯಾರಕನ ಖಾತೆಗೆ, ಒಳ್ಳೆಯ ಹೆಸರು ತಾಣದ ಖಾತೆಗೆ.

ದೊಡ್ಡ ತಯಾರಕರಿಗೆ ಈ ಲೆಕ್ಕ ಅರ್ಥವಾಗಿದೆ. ನಕಲಿಗಳ ಕಾಟವನ್ನು ಕಾರಣವಾಗಿ ಕೊಟ್ಟು ಪಾದರಕ್ಷೆ ತಯಾರಿಸುವ ಬಿರ್ಕೆನ್‌ಸ್ಟಾಕ್ 2017ರ ಆರಂಭದಿಂದ ಅಮೆರಿಕದ ಅಮೆಜಾನ್‌ಗೆ ಸರಕು ಕೊಡುವುದನ್ನು ನಿಲ್ಲಿಸಿತು. ನೇರವಾಗಿ ಅಮೆಜಾನ್‌ಗೆ ಮಾರುವುದನ್ನು ನಿಲ್ಲಿಸುವುದಾಗಿ ನೈಕಿ 2019ರಲ್ಲಿ ಪ್ರಕಟಿಸಿತು. ಗ್ರಾಹಕ ತಮ್ಮನ್ನೇ ಹುಡುಕಿಕೊಂಡು ಬರುತ್ತಾನೆಂಬ ಭರವಸೆ ಇದ್ದವರು ಮಾತ್ರ ಇಂಥ ಹೆಜ್ಜೆ ಇಡಬಲ್ಲರು. ಸಣ್ಣವರಿಗೆ ಆ ಸ್ವಾತಂತ್ರ್ಯವಿಲ್ಲ. ಹೆಸರಿಗೆ ಬದಲಾಗಿ ಬಂದ ನಕ್ಷತ್ರಗಳೂ ಕಲಬೆರಕೆಯಾಗಿವೆ. ಸುಳ್ಳು ವಿಮರ್ಶೆಗಳನ್ನು ಮಾರುವುದನ್ನೂ ಕೊಳ್ಳುವುದನ್ನೂ ನಿಷೇಧಿಸುವ ನಿಯಮವನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ತರಬೇಕಾಯಿತು. ನಾಲ್ಕೂವರೆ ನಕ್ಷತ್ರ ಎಂಬುದನ್ನು ನಂಬುವುದಕ್ಕೆ ಮೊದಲು, ಅದನ್ನು ಕೊಟ್ಟವರು ಯಾರೆಂದು ಕೇಳಬೇಕಾದ ಸ್ಥಿತಿ ಬಂದಮೇಲೆ ಅಕರ್‌ಲಾಫ್ ಹೇಳಿದ ಆ ಹಳೆಯ ಕೆಲಸ ಮತ್ತೆ ಹೆಸರಿನ ಹೆಗಲಿಗೇ ಬರುತ್ತದೆ.

ಬ್ಲೇಡುಗಳನ್ನು ನಾನೀಗ ತಯಾರಕರ ಸ್ವಂತ ಜಾಲತಾಣದಿಂದಲೇ ತರಿಸುತ್ತೇನೆ. ಬರುವುದು ಎರಡು ದಿನ ತಡವಾಗುತ್ತದೆ, ಆಗಲಿ. ಶೂವಿಗೆ ಅದೇ ಹೆಸರು, ಅದೇ ಅಳತೆ.

ಕೇಬಲ್ಲಿನ ಮಾತು ಉಳಿದಿದೆ. ಹೆಸರು ನೋಡದೆ ಕೊಂಡ ಆ ಕೇಬಲ್ ಒಂದು ವರ್ಷ ಚೆನ್ನಾಗಿ ಬಾಳಿಕೆ ಬಂತು. ಕಳೆದ ವಾರ ಅಂಥದೇ ಇನ್ನೊಂದು ಬೇಕೆನಿಸಿತು. ಕೇಬಲ್ಲನ್ನು ತಿರುಗಿಸಿ ನೋಡಿದೆ. ಎರಡು ತುದಿಗಳಲ್ಲೂ ಒಂದಕ್ಷರ ಬರೆದಿರಲಿಲ್ಲ. ಹಳೆಯ ಆರ್ಡರ್‌ಗಳ ಪಟ್ಟಿಯಲ್ಲಿ ಹುಡುಕಿ ಅದರ ಚಿತ್ರವನ್ನು ಒತ್ತಿದಾಗ 'ಈ ವಸ್ತು ಈಗ ಲಭ್ಯವಿಲ್ಲ' ಎಂದು ಬಂತು. ಮಾರಿದವನ ಪುಟವೂ ಇರಲಿಲ್ಲ. ಮತ್ತೆ ಅದನ್ನೇ ಕೊಳ್ಳಲು ನಾನು ಸಿದ್ಧನಿದ್ದೆ, ಬೆಲೆ ಸ್ವಲ್ಪ ಹೆಚ್ಚಾದರೂ ಕೊಡುತ್ತಿದ್ದೆ. ಯಾರನ್ನು ಕೇಳುವುದೆಂದು ತಿಳಿಯಲಿಲ್ಲ.

ನಮಸ್ಕಾರ.