ಬಾಕ್ಸ್ ಸುರಿದು ನೋಡಿ

ಎಲ್ಲರಿಗೂ ನಮಸ್ಕಾರ. ಪ್ರಿನ್ಸಿಪಾಲ್ ಮೇಡಂ ಇಪ್ಪತ್ತೈದು ನಿಮಿಷ ಅಂದಿದ್ದಾರೆ, ನಾನು ಅದನ್ನ ಕರೆಂಟ್ ಇರೋವರೆಗೂ ಅಂತ ಅರ್ಥ ಮಾಡ್ಕೊಂಡಿದ್ದೀನಿ. ಮುಂದಿನ ಸಾಲಲ್ಲಿ ಕೂತಿರೋ ಹುಡುಗೀರು, ಆಮೇಲೆ ಆ ಮೂಲೇಲಿ ಮೊಬೈಲ್ ಬಚ್ಚಿಟ್ಟುಕೊಂಡಿರೋ ಇಬ್ಬರು ಹುಡುಗ್ರು, ನೀವೆಲ್ಲ ಇನ್ನು ಎರಡ್ಮೂರು ತಿಂಗಳಲ್ಲಿ ವಿಮಾನ ಹತ್ತೋರು. ನಿಮಗೆ ಐವಿ ಹಾಕೋದು ನಾನು ಹೇಳ್ಕೊಡಬೇಕಾಗಿಲ್ಲ. ಆದ್ರೆ ನಮ್ಮ ನರ್ಸ್ ಜಾತಿಗೆ ಒಂದು ಜಂಬ ಇದೆ ನೋಡಿ, ನಾವು ಆಸ್ಪತ್ರೆ ಒಳಗಿನವ್ರು, ನಮಗ್ಯಾಕೆ ಇನ್ಶೂರೆನ್ಸ್ ತಲೆನೋವು ಅಂತ. ಆ ಜಂಬದಿಂದ ನಾನು ದುಡ್ಡು ಕಳ್ಕೊಂಡಿದ್ದೀನಿ, ಅದನ್ನ ಹೇಳೋಕೇ ಬಂದಿರೋದು.

ನಮ್ಮಪ್ಪ ಟೊಮೆಟೊ ಬೆಳೀತಿದ್ರು. ಕೋಲಾರದವ್ರಿಗೆ ಮಂಡಿ ಬಗ್ಗೆ ಹೇಳೋದೇನಿದೆ. 15 ಕೆಜಿ ಬಾಕ್ಸು, ಮೇಲಿನ ಸಾಲಲ್ಲಿ ಕೆಂಪಗೆ ಗುಂಡಗೆ ಇರೋವು, ಕೆಳಗೆ ಸಣ್ಣವು, ಚುಕ್ಕೆ ಬಿದ್ದಿರೋವು. ನಮ್ಮಪ್ಪನೂ ಹಂಗೇ ಜೋಡಿಸ್ತಿದ್ರು, ಸುಳ್ಳು ಯಾಕೆ ಹೇಳ್ಲಿ, ನಾನೇ ಜೋಡಿಸಿಕೊಟ್ಟಿದ್ದೀನಿ. ಆದ್ರೆ ಅನುಭವ ಇರೋ ವ್ಯಾಪಾರಿ ಮೇಲೆ ನೋಡ್ತಿರಲಿಲ್ಲ, ಒಂದು ಬಾಕ್ಸ್ ಎತ್ತಿ ನೆಲಕ್ಕೆ ಸುರೀತಿದ್ದ. ಇನ್ಶೂರೆನ್ಸ್ ಪಾಲಿಸಿ ಅಂದ್ರೂ ಅದೇ ಬಾಕ್ಸು. ಮೇಲೆ ಏನಿದೆ, ಪ್ರೀಮಿಯಂ ಕಮ್ಮಿ, ಕವರ್ ಇಷ್ಟು ಲಕ್ಷ, ನಗ್ತಿರೋ ಫ್ಯಾಮಿಲಿ ಫೋಟೋ. ಕೆಳಗೆ ಏನಿದೆ, ಯಾವ್ಯಾವುದಕ್ಕೆ ಕೊಡಲ್ಲ ಅನ್ನೋ ಪುಟ. ಮೊದಲು ಆ ಪುಟ ಓದಿ.

ಈಗ ನನ್ನ ಕಥೆ. 2016, ದುಬೈ. ನನಗೆ ಆಸ್ಪತ್ರೆಯವ್ರೇ ಇನ್ಶೂರೆನ್ಸ್ ಕೊಟ್ಟಿದ್ರು, ಅಲ್ಲಿ ಕಾನೂನೇ ಹಂಗೆ, ಕೆಲಸಗಾರರ ಇನ್ಶೂರೆನ್ಸ್ ಮಾಲೀಕರ ಖರ್ಚು. ಆದ್ರೆ ನಮ್ಮನೆಯವ್ರು ನನ್ನ ಸ್ಪಾನ್ಸರ್‌ಶಿಪ್ ಮೇಲೆ ಬಂದಿದ್ರು, ಅವರದು ನಾನೇ ಮಾಡಿಸಬೇಕು. ಒಬ್ಬ ಏಜೆಂಟ್ ಬಂದ, ನಮ್ಮ ಕಡೆಯೋನೇ, ಅಕ್ಕಾ ಅಕ್ಕಾ ಅಂತಿದ್ದ, ಬಂಗಾರಪೇಟೆ ಪಾನಿಪುರಿ ನೆನಸ್ಕೊಂಡು ಅರ್ಧ ಗಂಟೆ ಮಾತಾಡಿದ, ಅಲ್ಲೇ ನಾನು ಬಿದ್ದೋದೆ. ಫಾರ್ಮಲ್ಲಿ ಡಯಾಬಿಟಿಸ್ ಇದೆಯಾ ಅಂತ ಒಂದು ಪ್ರಶ್ನೆ, ಪಕ್ಕದಲ್ಲಿ ಎರಡು ಚಿಕ್ಕ ಚೌಕ. ನಮ್ಮನೆಯವ್ರಿಗೆ ಆಗಲೇ ಆರು ವರ್ಷದಿಂದ ಶುಗರ್. ಹೌದು ಅಂತ ಹಾಕಿದ್ರೆ 600 ದಿರ್ಹಂ ಜಾಸ್ತಿ ಆಗುತ್ತಕ್ಕಾ, ಇಲ್ಲ ಅಂತ ಹಾಕಿ, ಯಾರು ನೋಡ್ತಾರೆ ಅಂದ. ದಿನಾ ಮೂವತ್ತು ಪೇಷಂಟ್‌ಗಳ ಶುಗರ್ ಚೆಕ್ ಮಾಡೋ ನಾನು, ಪೆನ್ ತಗೊಂಡು ಇಲ್ಲ ಅನ್ನೋ ಚೌಕಕ್ಕೆ ಟಿಕ್ ಹಾಕಿದೆ.

ಎಂಟನೇ ತಿಂಗಳು. ಹೊಸ ಶೂ ತಗೊಂಡ್ರು, ಕಿರುಬೆರಳಿಗೆ ಕಚ್ಚಿತು, ನನಗೆ ಹೇಳಲಿಲ್ಲ, ಬೈತೀನಿ ಅಂತ. ಒಂದಿನ ನೈಟ್ ಡ್ಯೂಟಿ ಮುಗಿಸಿ ಬಂದು ಬಟ್ಟೆ ಒಗೆಯೋಕೆ ಕೂತ್ರೆ ಒಂದು ಸಾಕ್ಸ್‌ನ ತುದಿ ಹಳದಿಗೆ ಗಟ್ಟಿಯಾಗಿ ಅಂಟ್ಕೊಂಡಿತ್ತು. ವಾಸನೆಯಲ್ಲೇ ಗೊತ್ತಾಯ್ತು. ಅಡ್ಮಿಟ್ ಮಾಡಿ ಗಾಯ ಕ್ಲೀನ್ ಮಾಡಿ ಐವಿ ಆಂಟಿಬಯಾಟಿಕ್ ಕೊಟ್ಟು, ಬೆರಳು ಉಳೀತು ದೇವರ ದಯೆ. ಬಿಲ್ 18,400 ದಿರ್ಹಂ. ಇನ್ಶೂರೆನ್ಸ್ ಕಂಪನಿ ಒಂದೇ ಸಾಲಿನ ಮೇಲ್ ಕಳಿಸ್ತು, ಮೊದಲಿಂದ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ, ಕ್ಲೇಮ್ ರಿಜೆಕ್ಟ್.

ಹೆಂಗೆ ಗೊತ್ತಾಯ್ತು ಅಂತೀರಾ? ನಮ್ಮ ಯಜಮಾನ್ರು ಕ್ಯಾಶುವಾಲ್ಟಿಯಲ್ಲಿ ಖುಷಿಯಾಗಿ ಹೇಳಿದ್ದಾರೆ, ಆರು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ತಗೋತೀನಿ ಸಿಸ್ಟರ್ ಅಂತ. ಆ ಹುಡುಗಿ ಹಿಸ್ಟರಿ ಎಷ್ಟು ನೀಟಾಗಿ ಬರೆದಿದ್ಲು ಅಂದ್ರೆ ಡೋಸ್ ಸಮೇತ. ನಾವೇ ಅಲ್ವಾ ಹಂಗೆ ಬರೀರಿ ಅಂತ ಕಲಿಸೋದು! (ನಗಬೇಡಿ, ಆವತ್ತು ನಾನು ನಗಲಿಲ್ಲ. ನಮ್ಮಮ್ಮ ಕೊಟ್ಟ ಸರ ಗಿರವಿ ಹೋಯ್ತು.) ಏಜೆಂಟ್‌ಗೆ ಫೋನ್ ಮಾಡಿದ್ರೆ, ಸಹಿ ನಿಮ್ಮದೇ ಅಲ್ವಾ ಅಕ್ಕಾ ಅಂದ. ಹೌದು, ನನ್ನದೇ. ಅದಕ್ಕೇ ಹೇಳ್ತೀನಿ, ಶುಗರ್, ಬಿಪಿ, ಥೈರಾಯ್ಡ್, ಪಿಸಿಓಡಿ, ಏನಿದ್ರೂ ಬರೀರಿ. ಪ್ರೀಮಿಯಂ ಏರಿದ್ರೆ ಏರ್ಲಿ.

ಸರಿ, ಈಗ ಯಾರ್ಯಾರು ಎಲ್ಲೆಲ್ಲಿಗೆ. ಜರ್ಮನಿಗೆ ಹೋಗೋರು ಕೈ ಎತ್ತಿ. ಅಬ್ಬಾ, ಜರ್ಮನ್ ಭಾಷೆಯ ಬಿ2 ಹಂತ ಮುಗಿಸಿದ್ದೀರಲ್ಲ, ಅದಕ್ಕೇ ಒಂದು ಚಪ್ಪಾಳೆ. ಅಲ್ಲಿ ಸರ್ಕಾರಿ ವ್ಯವಸ್ಥೆಯ ಇನ್ಶೂರೆನ್ಸ್‌ಗೆ ಸಂಬಳದ 14.6 ಪರ್ಸೆಂಟ್, ಅರ್ಧ ನಿಮ್ಮದು ಅರ್ಧ ಆಸ್ಪತ್ರೆಯದು. ಇದರ ಮೇಲೆ ಒಂದೊಂದು ಕ್ರಾಂಕನ್‌ಕಾಸ್ಸೆ, ಅಂದ್ರೆ ಈ ಇನ್ಶೂರೆನ್ಸ್ ನಡೆಸೋ ಸಂಸ್ಥೆ, ಒಂದೊಂದು ಎಕ್ಸ್ಟ್ರಾ ಹಾಕುತ್ತೆ, ಅದೂ ಅರ್ಧ ಅರ್ಧ. ಟ್ರೀಟ್‌ಮೆಂಟ್ ಬಹುಪಾಲು ಕಾನೂನಲ್ಲೇ ಬರೆದಿರೋದ್ರಿಂದ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ, ಹಂಗಾಗಿ ಎಕ್ಸ್ಟ್ರಾ ಕಮ್ಮಿ ಇರೋದನ್ನ ಹುಡುಕಿ, ದುಡ್ಡು ಉಳಿಯೋದು ಅಲ್ಲೇ. ದುಡಿಮೆ ಇಲ್ಲದ ಗಂಡ, ಮಕ್ಕಳು ಫ್ರೀಯಾಗಿ ಸೇರ್ತಾರೆ. ಕೆಲಸ ಶುರುವಾಗೋವರೆಗೂ ಒಂದು ಅಗ್ಗದ ಪ್ರೈವೇಟ್ ಪಾಲಿಸಿ ಕೊಡಿಸ್ತಾರೆ, ಅದು ಮಧ್ಯದ ದಿನಗಳಿಗೆ ಮಾತ್ರ. ಕೆಲಸಕ್ಕೆ ಸೇರಿದ ಮೇಲೂ ಎರಡಕ್ಕೂ ಕಟ್ಕೊಂಡು ಕೂರಬೇಡಿ, ಹಳೇದನ್ನ ಬರೆದುಕೊಟ್ಟು ನಿಲ್ಲಿಸಿ.

ಇಂಗ್ಲೆಂಡ್? ಇಬ್ಬರೇನಾ. ಅಲ್ಲಿ ವೀಸಾ ಜೊತೆಗೇ ಹೆಲ್ತ್ ಸರ್ಚಾರ್ಜ್ ಅಂತ ಕಟ್ಟಿಸ್ಕೋತಾರೆ, 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಸ್ಟೂಡೆಂಟ್‌ಗೆ 776, ಅದೂ ವೀಸಾ ಎಷ್ಟು ವರ್ಷಕ್ಕೋ ಅಷ್ಟೂ ಒಂದೇ ಸಲ. ಆದ್ರೆ ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾದಲ್ಲಿ ಹೋಗೋ ನರ್ಸ್ ಇದನ್ನ ಕಟ್ಟಂಗಿಲ್ಲ. ಯಾವನಾದ್ರೂ ಏಜೆಂಟ್ ನಿಮ್ಮ ಲೆಕ್ಕದಲ್ಲಿ ಸರ್ಚಾರ್ಜ್ ಅಂತ ಸೇರಿಸಿದ್ರೆ ರಸೀದಿ ಕೇಳಿ.

ಗಲ್ಫ್‌ಗೆ ಹೋಗೋರಿಗೆ: 2025ರ ಜನವರಿ 1ರಿಂದ ದುಬೈ ಸೇರಿ ಯುಎಇಯ ಏಳೂ ಎಮಿರೇಟ್‌ನಲ್ಲಿ ಪ್ರೈವೇಟ್ ಕೆಲಸಗಾರರಿಗೆ ಇನ್ಶೂರೆನ್ಸ್ ಕಡ್ಡಾಯ, ಈ ಕಾನೂನಿಗೆ ಹೊಸದಾಗಿ ಸೇರಿದ ಎಮಿರೇಟ್‌ಗಳಲ್ಲಿ ಬೇಸಿಕ್ ಪ್ಯಾಕೇಜ್ ವರ್ಷಕ್ಕೆ 320 ದಿರ್ಹಂನಿಂದ ಶುರು. 320 ಅಂದ ತಕ್ಷಣ ಮುಖ ಅರಳಿತು ನೋಡಿ! ಬಾಕ್ಸ್ ಸುರೀರಿ. ಆ ಕಾರ್ಡ್ ತಗೊಳ್ಳೋ ಆಸ್ಪತ್ರೆ ನಿಮ್ಮ ರೂಮಿಂದ ಎಷ್ಟು ದೂರ? ಬಿಲ್‌ನಲ್ಲಿ ಪ್ರತಿ ಸಲ ನಿಮ್ಮ ಪಾಲು ಎಷ್ಟು ಪರ್ಸೆಂಟ್? ಹೆರಿಗೆಗೆ ಎಷ್ಟು ತಿಂಗಳು ಕಾಯಬೇಕು? ಹಲ್ಲಿನ ಟ್ರೀಟ್‌ಮೆಂಟ್ ಸೇರಿದೆಯಾ? ಈ ನಾಲ್ಕಕ್ಕೆ ಉತ್ತರ ಇಲ್ಲದ ಏಜೆಂಟ್‌ಗೆ ಟೀ ಕುಡಿಸಿ ಕಳಿಸಿ. ಇನ್ನೊಂದು, ಎಮಿಗ್ರೇಶನ್ ಕ್ಲಿಯರೆನ್ಸ್, ಅಂದ್ರೆ ಹೊರದೇಶಕ್ಕೆ ಕೆಲಸಕ್ಕೆ ಹೋಗೋಕೆ ನಮ್ಮ ಸರ್ಕಾರದ ಅನುಮತಿ, ಮಾಡಿಸುವಾಗ ಪ್ರವಾಸಿ ಭಾರತೀಯ ಬಿಮಾ ಯೋಜನೆ ಅಂತ ಮಾಡಿಸ್ತಾರೆ, ಎರಡು ವರ್ಷಕ್ಕೆ 275 ರೂಪಾಯಿ, ಮೂರಕ್ಕೆ 375. ಆಕ್ಸಿಡೆಂಟಲ್ಲಿ ಸಾವು ಅಥವಾ ಶಾಶ್ವತ ಊನ ಆದ್ರೆ 10 ಲಕ್ಷ. ಒಳ್ಳೇದೇ, ಆದ್ರೆ ಜ್ವರ ಬಂದಾಗ ಓಪಿಡಿಯಲ್ಲಿ ತೋರಿಸೋ ಕಾರ್ಡ್ ಅದಲ್ಲ, ಕೆಲವರು ಅದನ್ನೇ ಹಿಡ್ಕೊಂಡು ಬಂದು ನನ್ನ ಕೌಂಟರ್ ಮುಂದೆ ನಿಂತಿದ್ದಾರೆ.

ಅಯ್ಯೋ, ಮೇಡಂ ಚೀಟಿ ಕಳಿಸಿದ್ರು. ಅಮೆರಿಕದ ಡಿಡಕ್ಟಿಬಲ್ ಬಗ್ಗೆ ದೊಡ್ಡ ಪುರಾಣ ಬರ್ಕೊಂಡು ಬಂದಿದ್ದೆ, ಒಂದೇ ಮಾತು: ಅಷ್ಟು ಡಾಲರ್ ಮೊದಲು ನಿಮ್ಮ ಜೇಬಿಂದ ಹೋದ ಮೇಲೇನೇ ಹೆಚ್ಚಿನ ಖರ್ಚಿಗೆಲ್ಲ ಕಂಪನಿ ಬಾಯಿ ಬಿಡೋದು, ಪ್ರೀಮಿಯಂ ಕಮ್ಮಿ ಅಂದ್ರೆ ಸಾಮಾನ್ಯವಾಗಿ ಅದು ಜಾಸ್ತಿ ಇರುತ್ತೆ. ಆಮೇಲೆ ಊರಲ್ಲಿರೋ ಪಾಲಿಸಿ. ಸಾಮಾನ್ಯವಾಗಿ ಅದು ಹೊರದೇಶದ ಟ್ರೀಟ್‌ಮೆಂಟ್‌ಗೆ ಬರಲ್ಲ, ಹಂಗಂತ ನಿಲ್ಲಿಸಬೇಡಿ. ವಾಪಸ್ ಬಂದು ಹೊಸದು ತಗೊಂಡ್ರೆ ಹಳೇ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅಪ್ಪ ಅಮ್ಮನ ಹೆಸರು ಅದರಲ್ಲಿದ್ರಂತೂ ಮುಟ್ಟಲೇಬೇಡಿ.

ಇನ್ನೂ ಎರಡು ಪಾಯಿಂಟ್ ಇತ್ತು, ಹೋಗ್ಲಿ, ಅಡುಗೆಮನೆಯಿಂದ ಹುಳಿ ಒಗ್ಗರಣೆ ವಾಸನೆ ಬರ್ತಿದೆ, ನೀವೂ ನನ್ನ ಕಡೆ ನೋಡ್ತಿಲ್ಲ. ಆಫರ್ ಲೆಟರ್, ಪಾಲಿಸಿ ಪೇಪರ್ ತಂದಿರೋರು ಊಟ ಆದ್ಮೇಲೆ ಲೈಬ್ರರಿಗೆ ಬನ್ನಿ, ಕನ್ನಡಕ ತಂದಿದ್ದೀನಿ, ಕೂತ್ಕೊಂಡು ಒಟ್ಟಿಗೇ ಓದೋಣ. ನಮ್ಮನೆಯವ್ರೂ ಬಂದಿದ್ದಾರೆ, ಹಿಂದಿನ ಬೆಂಚಲ್ಲಿ ಚಪ್ಪಲಿ ಬಿಟ್ಟು ಕೂತಿದ್ದಾರಲ್ಲ, ಅವರೇ. ಬೆರಳು ತೋರಿಸಿ ಅಂದ್ರೆ ತೋರಿಸ್ತಾರೆ.