ಗುಡ್ಡೆಯ ಬೆಂಕಿಗೆ ಹೋಗುವಾಗ ಗಾಳಿ ನೋಡಲು ಒಬ್ಬರನ್ನು ನಿಲ್ಲಿಸಿ

ನಮಸ್ಕಾರ. ಇವತ್ತು ಗುಡ್ಡೆಗೆ, ಕಾಡಿಗೆ ಬೀಳುವ ಬೆಂಕಿಯ ಬಗ್ಗೆ ಮಾತಾಡಲಿಕ್ಕಿದೆ. ಇದು ಹೊಸಬರಿಗಲ್ಲ. ಎರಡು ಮೂರು ಬೇಸಿಗೆ ಬೆಂಕಿ ಆರಿಸಿ ಕೈ ಪಳಗಿದವರಿಗೆ. ಅಗ್ನಿಶಾಮಕ ದಳದವರು, ಅರಣ್ಯ ಇಲಾಖೆಯ ಗಾರ್ಡ್‌ಗಳು, ಬೇಸಿಗೆಗೆ ಮಾತ್ರ ಸೇರುವ ಫೈರ್ ವಾಚರ್‌ಗಳು, ಸುದ್ದಿ ಸಿಕ್ಕಿದ ಕೂಡಲೇ ಕತ್ತಿ ಹಿಡಿದು ಓಡುವ ಊರಿನ ಹುಡುಗರು, ನಿಮಗೆಲ್ಲ ಸೇರಿ ಹೇಳುವುದು ಒಂದೇ ಮಾತು. ಬೆಂಕಿಗೆ ಆರು ಜನ ಹೋದರೆ ಐದೇ ಜನ ಆರಿಸಿ. ಇನ್ನೊಬ್ಬರು ಎತ್ತರದಲ್ಲಿ ನಿಂತು ಗಾಳಿ ನೋಡಲಿ.

ಇರುವುದೇ ನಾಲ್ಕು ಜನ, ಅದರಲ್ಲಿ ಒಬ್ಬರನ್ನು ಸುಮ್ನೆ ನಿಲ್ಲಿಸುವುದಾ ಅಂತ ಕೇಳುತ್ತೀರಿ. ಹೌದು, ನಾಲ್ಕೇ ಜನ ಇದ್ದರೂ ಒಬ್ಬರನ್ನು ನಿಲ್ಲಿಸಬೇಕು. ಯಾಕೆಂದರೆ ನಮ್ಮ ಕರಾವಳಿಯ ಗಾಳಿ ಒಂದೇ ದಿನದಲ್ಲಿ ದಿಕ್ಕು ಬದಲಿಸುವ ಗಾಳಿ.

ಜನವರಿಯಿಂದ ಮಾರ್ಚ್‌ವರೆಗೆ ಬೆಳಗ್ಗೆ ಘಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತದೆ. ಹೊತ್ತು ಏರಿ ನೆಲ ಕಾದ ಮೇಲೆ ಕಡಲ ಗಾಳಿ ಒಳಗೆ ಬರುತ್ತದೆ. ಮೂಡಣ ಗಾಳಿ ಜೋರಿದ್ದ ದಿನ ಕಡಲ ಗಾಳಿ ತಡವಾಗುತ್ತದೆ. ಮಂಗಳೂರಿನಲ್ಲಿ ಬಿಸಿಲು 37 ಡಿಗ್ರಿ ದಾಟುವುದು ಅಂಥ ದಿನಗಳಲ್ಲೇ. ಹುಲ್ಲು, ತರಗೆಲೆಯಂಥ ಸಪೂರ ವಸ್ತುಗಳು ಗಾಳಿ ಒಣಗಿದ ಹಾಗೆ ತಮ್ಮೊಳಗಿನ ತೇವದ ಹೆಚ್ಚಿನ ಪಾಲನ್ನು ಸುಮಾರು ಒಂದೇ ಗಂಟೆಯಲ್ಲಿ ಬಿಟ್ಟುಕೊಡುತ್ತವೆ. ಬೆಳಗ್ಗೆ ಮಂಜಿಗೆ ಒದ್ದೆಯಾಗಿದ್ದ ಮುಳಿಹುಲ್ಲು ಹನ್ನೊಂದು ಗಂಟೆಗೆ ಕಡ್ಡಿ ಗೀರಿದರೆ ಸಾಕು ಅನ್ನುವಷ್ಟು ಒಣಗಿರುತ್ತದೆ.

ಈಗ ಕಾರ್ಕಳದ ಕಡೆಯ ಒಂದು ಪದವು, ಅಂದರೆ ಗುಡ್ಡೆಯ ಮೇಲಿನ ಬಯಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಮತಟ್ಟು ಮುರಕಲ್ಲು (ಜಂಬಿಟ್ಟಿಗೆ), ಮೊಣಕಾಲಿನವರೆಗೆ ಹುಲ್ಲು, ಅಂಚಿನಲ್ಲಿ ಅಕೇಶಿಯಾ ನೆಡುತೋಪು. ಮೂಡು ತುದಿಯಲ್ಲಿ ಬೆಂಕಿ ಬಿದ್ದಿದೆ. ಮೂಡಣ ಗಾಳಿಗೆ ಅದು ಪಡುವಣಕ್ಕೆ ಉದ್ದಕ್ಕೆ ಓಡುತ್ತಿದೆ. ಬೆಂಕಿಯ ಮುಂದೋಡುವ ತುದಿ, ಅಂದರೆ ತಲೆ, ಪಡುವಣಕ್ಕೆ. ಹಿಂದಿನ ತುದಿ, ಅಂದರೆ ಬಾಲ, ಮೂಡಣಕ್ಕೆ. ಬಡಗು ಮತ್ತು ತೆಂಕು ಎರಡು ಬದಿ. ಬದಿಯಲ್ಲಿ ಜ್ವಾಲೆ ಗಿಡ್ಡ, ನಿಧಾನ. ಅನುಭವ ಇರುವವರು ಅಲ್ಲೇ ಕೆಲಸ ಶುರು ಮಾಡುತ್ತಾರೆ, ಅದು ಸರಿಯೇ. ಐದು ಜನ ತೆಂಕು ಬದಿಯಲ್ಲಿ ಸಾಲಾಗಿ ನಿಂತು ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿಯುತ್ತಿದ್ದಾರೆ. ತಲೆ ಬಗ್ಗಿಸಿಕೊಂಡೇ ಇದ್ದಾರೆ. ಕಣ್ಣಲ್ಲಿ ಬೆವರು, ಹೊಗೆ.

ಪಡುವಣಕ್ಕೆ ವಾಲಿದ್ದ ಹೊಗೆ ಆಗ ನೆಟ್ಟಗೆ ಮೇಲೇಳುತ್ತದೆ. ಗಾಳಿ ನಿಂತಂತಾಗುತ್ತದೆ. ಬಡಿಯುತ್ತಿರುವವರಿಗೆ ಸ್ವಲ್ಪ ಹಾಯೆನಿಸಬಹುದು, ಬೆಂಕಿ ಸೋತಿತು ಅಂತಲೂ ಅನಿಸಬಹುದು. ಆದರೆ ಅದು ಕಡಲ ಗಾಳಿ ಬರುವ ಮುಂಚಿನ ಬಿಡುವು. ಆ ಗಾಳಿ ನೇರ ಪಡುವಣದಿಂದಲೇ ಬರಬೇಕೆಂದಿಲ್ಲ, ಬಹಳ ಸಲ ವಾಯವ್ಯದಿಂದ ಬರುತ್ತದೆ. ಬಂದ ಕೂಡಲೇ ಗಿಡ್ಡ ಜ್ವಾಲೆಯ ಆ ತೆಂಕು ಬದಿಯೇ ಉದ್ದಕ್ಕೂ ಒಮ್ಮೆಲೇ ತಲೆಯಾಗಿ ತಿರುಗುತ್ತದೆ. ಐದೂ ಜನ ಅದರ ಎದುರಿಗೇ ಇದ್ದಾರೆ. ಹೊಗೆ ನೆಟ್ಟಗಾದ ಕ್ಷಣವನ್ನು ನೋಡಬಲ್ಲವರು ದೂರದಲ್ಲಿ ತಲೆ ಎತ್ತಿ ನಿಂತ ಆ ಒಬ್ಬರು ಮಾತ್ರ.

ಘಟ್ಟದ ಬುಡದಲ್ಲಿ ಇದು ಇನ್ನೂ ಕಷ್ಟ. ಕುದುರೆಮುಖ, ಚಾರ್ಮಾಡಿಯ ನಮ್ಮ ಕಡೆಯ ಇಳಿಜಾರು ಪಡುವಣಕ್ಕೆ ಮುಖ ಮಾಡಿದೆ. ಮಧ್ಯಾಹ್ನದ ಬಿಸಿಲು ನೇರ ಅದಕ್ಕೇ ಹೊಡೆಯುತ್ತದೆ. ಕಾದ ಇಳಿಜಾರಿನಲ್ಲಿ ಗಾಳಿ ತಾನಾಗಿಯೇ ಮೇಲಕ್ಕೆ ಹತ್ತುತ್ತದೆ. ಕಡಲ ಗಾಳಿಯೂ ಅದೇ ದಿಕ್ಕಿಗೆ ತಳ್ಳುತ್ತದೆ. ಮೂರೂ ಒಟ್ಟಾಗುವುದು ಎರಡರಿಂದ ನಾಲ್ಕು ಗಂಟೆಯ ಹೊತ್ತಿಗೆ. ಇಳಿಜಾರು 10 ಡಿಗ್ರಿ ಜಾಸ್ತಿಯಾದರೆ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, 20 ಡಿಗ್ರಿಗೆ ನಾಲ್ಕು ಪಟ್ಟು. ಮೇಲಕ್ಕೆ ಓಡುವ ಮನುಷ್ಯನ ವೇಗ ಮಾತ್ರ ಕಡಿಮೆಯಾಗುತ್ತದೆ. ಹಾಗಾಗಿ ಕೆಳಗೆ ಬೆಂಕಿ ಇರುವಾಗ ಮೇಲೆ ಹುಲ್ಲಿನಲ್ಲಿ ನಿಂತು ಕಾಯುವುದು, ಮೇಲಿನಿಂದ ಇಳಿದು ತಲೆಯನ್ನು ಹಿಡಿಯಲು ಹೋಗುವುದು, ಎರಡೂ ಬೇಡ.

ಇದು ಎಲ್ಲೋ ದೂರದ ಕಥೆ ಅಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ಒಬ್ಬರು ತೀರಿಕೊಂಡರು. 2020ರ ಫೆಬ್ರವರಿಯಲ್ಲಿ ಕೇರಳದ ತ್ರಿಶೂರು ಜಿಲ್ಲೆಯಲ್ಲಿ ಮೂವರು ವಾಚರ್‌ಗಳು ಹೋದರು. ಅದು ಅಕೇಶಿಯಾ ನೆಡುತೋಪು, ನಮ್ಮಲ್ಲಿ ಪದವು ಪದವಿನಲ್ಲೂ ಇರುವಂಥದ್ದೇ. 2023ರ ಫೆಬ್ರವರಿಯಲ್ಲಿ ಘಟ್ಟದ ಆಚೆ, ಸಕಲೇಶಪುರ ಕಡೆಯ ಕಾಡುಮನೆಯಲ್ಲಿ ಇನ್ನೊಬ್ಬ ಗಾರ್ಡ್. ಮೂರೂ ಫೆಬ್ರವರಿ. ಇವರೆಲ್ಲ ಕೆಲಸ ಗೊತ್ತಿದ್ದವರು, ಡ್ಯೂಟಿಗೆ ಹೋದವರು.

ಇಂಥ ಸಾವುಗಳಿಂದ ಅಮೆರಿಕದವರು ಕಲಿತ ಒಂದು ಪಾಠವನ್ನು ನಾವು ಎತ್ತಿಕೊಳ್ಳಲೇಬೇಕು. 1990ರಲ್ಲಿ ಅರಿಜೋನಾದ ಡ್ಯೂಡ್ ಬೆಂಕಿಯಲ್ಲಿ ಆರು ಜನ ಸತ್ತರು. ಅಲ್ಲಿದ್ದ ಪಾಲ್ ಗ್ಲೀಸನ್ ಎಂಬ ತಂಡದ ಮುಖ್ಯಸ್ಥ ಮರುವರ್ಷ ನಾಲ್ಕು ವಿಷಯಗಳ ಒಂದು ಸೂತ್ರ ಕೊಟ್ಟರು. ನೋಡಿಕೊಳ್ಳಲು ಒಬ್ಬರು, ಮಾತು ತಲುಪಿಸುವ ದಾರಿ, ತಪ್ಪಿಸಿಕೊಳ್ಳುವ ದಾರಿ, ಹೋಗಿ ನಿಲ್ಲಲು ಸುರಕ್ಷಿತ ಜಾಗ. ಕೆಲಸ ಶುರು ಮಾಡುವ ಮೊದಲೇ ನಾಲ್ಕೂ ಇರಬೇಕು. ಒಂದು ಇಲ್ಲದಿದ್ದರೆ ಉಳಿದ ಮೂರೂ ಉಪಯೋಗಕ್ಕೆ ಬರುವುದಿಲ್ಲ.

ಮಾತು ತಲುಪಿಸುವುದು ಅಂದರೆ ಮೊಬೈಲ್ ಅಲ್ಲ. ಘಟ್ಟದ ಬುಡದಲ್ಲಿ ಸಿಗ್ನಲ್ ನಂಬಬೇಡಿ. ವಾಕಿಟಾಕಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ವಿಸಿಲ್. ಮೂರು ಉದ್ದ ಊದಿದರೆ ಎಲ್ಲರೂ ಹೊರಗೆ ಅಂತ ಮೊದಲೇ ಮಾತಾಡಿಕೊಳ್ಳಿ. ಓಡುವ ದಾರಿಯನ್ನು ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಲೆಕ್ಕದಲ್ಲಿ ಇಡಿ, ಹತ್ತೊಂಬತ್ತರ ಹುಡುಗನ ಲೆಕ್ಕದಲ್ಲಿ ಅಲ್ಲ.

ಸುರಕ್ಷಿತ ಜಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸಮತಟ್ಟು ನೆಲದಲ್ಲಿ, ಗಾಳಿ ಇಲ್ಲದಾಗ, ಜ್ವಾಲೆಯ ಎತ್ತರದ ನಾಲ್ಕು ಪಟ್ಟು ದೂರ ಬೇಕು. ಇಳಿಜಾರು, ಗಾಳಿ ಇದ್ದರೆ ಅದೂ ಸಾಲದು. ಹುಲ್ಲು ಪೂರ್ತಿ ಉರಿದು ಬೂದಿಯಾದ ನೆಲ ನಮಗೆ ಸಿಗುವ ಒಳ್ಳೆಯ ಜಾಗ. ಬಾಲದಿಂದ ಶುರು ಮಾಡಿ, ಸುಟ್ಟ ನೆಲಕ್ಕೆ ಅಂಟಿಕೊಂಡೇ ಮುಂದೆ ಹೋಗಿ ಅನ್ನುವುದು ಅದಕ್ಕೇ. ಅಕೇಶಿಯಾ, ರಬ್ಬರ್ ತೋಟದಲ್ಲಿ ಈ ನಂಬಿಕೆ ಕೈ ಕೊಡುತ್ತದೆ. ರಬ್ಬರ್ ಎಲೆ ಉದುರುವುದೇ ಈ ತಿಂಗಳುಗಳಲ್ಲಿ. ಮೇಲಿನ ಪದರ ಮಾತ್ರ ಉರಿದು ಕೆಳಗೆ ಎಲೆ ಹಾಗೇ ಉಳಿದಿರುತ್ತದೆ, ಮತ್ತೆ ಹತ್ತಿಕೊಳ್ಳುತ್ತದೆ. ಹುಲ್ಲಿಲ್ಲದ ಬರೀ ಕಲ್ಲಿನ ಪಾರೆ ಇದ್ದರೆ, ಅಗಲ ಸಾಕಷ್ಟಿದ್ದರೆ ನಿಲ್ಲಬಹುದು. ಆದರೆ ಮುರಕಲ್ಲಿನ ಕೋರೆಯನ್ನು ಆಸರೆ ಅಂತ ಎಣಿಸಬೇಡಿ. ಗೋಡೆಯ ಹಾಗೆ ಕಡಿದ ಅಂಚು ಹೊಗೆಯಲ್ಲಿ ಕಾಣುವುದಿಲ್ಲ. ಬಿದ್ದರೆ ಹತ್ತಿ ಬರಲು ದಾರಿಯಿಲ್ಲ.

ಜ್ವಾಲೆ ಸುಮಾರು 1.2 ಮೀಟರ್, ಅಂದರೆ ಹೆಚ್ಚುಕಡಿಮೆ ಎದೆಮಟ್ಟ ದಾಟಿದರೆ ಕೈ ಸಾಮಾನು ಹಿಡಿದು ತಲೆಯ ಹತ್ತಿರ ಹೋಗಬಾರದು. ಆಗ ಹಿಂದೆ ಸರಿದು ರಸ್ತೆ, ತೋಡು, ಮೊದಲೇ ಕಡಿದ ಬೆಂಕಿ ರೇಖೆ, ಯಾವುದಾದರೊಂದರಲ್ಲಿ ನಿಲ್ಲಬೇಕು. ಮನೆ, ತೋಟ ಇಲ್ಲದ ಪದವಿನಲ್ಲಿ ಹುಲ್ಲು ರಸ್ತೆಯವರೆಗೆ ಉರಿದುಹೋಗಲಿ ಅಂತ ಬಿಡುವುದು ಕೂಡ ಒಂದು ತೀರ್ಮಾನ. ಅದನ್ನು ಹೆದರಿಕೆ ಅಂತ ಯಾರೂ ಕರೆಯಬಾರದು. ಎಷ್ಟು ಬೇಗ ಆರಿಸಿದರು ಅಂತ ಮಾತ್ರ ಹೊಗಳುವ ನಮ್ಮ ಅಭ್ಯಾಸ ಹುಡುಗರನ್ನು ಬೆಂಕಿಯ ಬಾಯಿಗೆ ತಳ್ಳುತ್ತದೆ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ನೈಲಾನ್ ಟೀ ಶರ್ಟ್, ಹವಾಯಿ ಚಪ್ಪಲಿ ಹಾಕಿಕೊಂಡು ಬಂದವರನ್ನು ರಸ್ತೆಯಲ್ಲೇ ನಿಲ್ಲಿಸಿ. ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ. ಮೈಮುಚ್ಚುವ ದಪ್ಪ ಹತ್ತಿ ಬಟ್ಟೆ, ಚರ್ಮದ ಬೂಟು ಬೇಕು. ನೀರು ಬಾಯಾರುವ ಮೊದಲೇ ಕುಡಿಸಿ. ಯಾರಾದರೂ ಮಾತು ತೊದಲಿದರೆ, ಗಲಿಬಿಲಿಯಾದರೆ ಅದು ಬರೀ ಸುಸ್ತಲ್ಲ, ಕೂಡಲೇ ನೆರಳಿಗೆ ಒಯ್ದು ಮೈಗೆ ನೀರು ಹಾಕಿ, 112ಕ್ಕೆ ಫೋನ್ ಮಾಡಿ.

ಉಪಗ್ರಹ ಇದೆಯಲ್ವಾ, ಎಚ್ಚರಿಕೆ ಬರುತ್ತದಲ್ವಾ ಅಂತ ಕೆಲವರು ಹೇಳುತ್ತಾರೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆಯಿಂದ ಎಚ್ಚರಿಕೆ ಬರುತ್ತದೆ, ದೊಡ್ಡ ಕಾಡಿಗೆ ಅದು ಬಹಳ ಉಪಕಾರ. ಆದರೆ ಆ ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ಮಧ್ಯಾಹ್ನ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸು. ಹುಲ್ಲಿನ ಬೆಂಕಿ ಅದಕ್ಕೆಲ್ಲ ಕಾಯುವುದಿಲ್ಲ.

ಆರಿತು ಅಂದ ಮೇಲೂ ಕೆಲಸ ಇದೆ. ಗೇರಿನ ಬುಡ, ಒಣ ಬಿದಿರಿನ ಮೆಳೆ, ಅಕೇಶಿಯಾ ಕೊರಡು, ಒಳಗೇ ಹೊಗೆಯಾಡುತ್ತ ಮರುದಿನ ಗಾಳಿ ಬಂದಾಗ ಏಳುತ್ತವೆ. ಗ್ಲೌಸ್ ತೆಗೆದು ಅಂಗೈಯ ಹಿಂಭಾಗವನ್ನು ಬುಡದ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಬಿಸಿ ಹತ್ತಿದರೆ ಪಿಕ್ಕಾಸಿನಲ್ಲಿ ಅಗೆದು, ಮಣ್ಣು ಬೆರೆಸಿ, ನೀರಿದ್ದರೆ ಹೊಯ್ದು ಮತ್ತೆ ನೋಡಿ. ಸುಟ್ಟು ಟೊಳ್ಳಾದ ಮರದ ಕೆಳಗೆ ಕೂತು ದಣಿವಾರಿಸಿಕೊಳ್ಳಬೇಡಿ.

1949ರಲ್ಲಿ ಅಮೆರಿಕದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ಹುಲ್ಲಿನ ಬೆಂಕಿ ತಂಡವೊಂದನ್ನು ಇಳಿಜಾರಿನಲ್ಲಿ ಅಟ್ಟಿಸಿಕೊಂಡು ಬಂತು. ಮುಖ್ಯಸ್ಥ ವ್ಯಾಗ್ ಡಾಜ್ ಎದುರಿನ ಹುಲ್ಲಿಗೆ ತಾನೇ ಬೆಂಕಿ ಇಟ್ಟು, ಸುಟ್ಟ ಜಾಗದೊಳಗೆ ಬನ್ನಿ ಅಂತ ಕೂಗಿದ. ಯಾರೂ ಬರಲಿಲ್ಲ. ಹಾಗೊಂದು ಉಪಾಯ ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಹದಿಮೂರು ಜನ ಸತ್ತರು, ಆ ಬೂದಿಯಲ್ಲಿ ಮಲಗಿದ ಡಾಜ್ ಉಳಿದ. ಆ ಉಪಾಯವನ್ನು ನೀವೂ ಮಾಡಿ ಅಂತ ಹೇಳುತ್ತಿಲ್ಲ. ಮೊದಲೇ ಅಭ್ಯಾಸ ಮಾಡದ ಮಾತನ್ನು ಆ ನಿಮಿಷದಲ್ಲಿ ಯಾರೂ ಪಾಲಿಸುವುದಿಲ್ಲ, ಅದಕ್ಕೆ ಹೇಳಿದೆ.

ಹಾಗಾಗಿ ಜನವರಿಯಲ್ಲೇ, ಬೆಂಕಿ ಇಲ್ಲದ ಒಂದು ದಿನ, ನಿಮ್ಮ ತಂಡವನ್ನು ಹತ್ತಿರದ ಗುಡ್ಡೆಗೆ ಕರೆದುಕೊಂಡು ಹೋಗಿ. ಬೆಳಗ್ಗೆ ಹತ್ತಕ್ಕೆ ಹತ್ತಿ, ಕಡಲ ಗಾಳಿ ಬರುವವರೆಗೆ ಅಲ್ಲೇ ಇರಿ. ಗಾಳಿ ತಿರುಗಿದಾಗ ತಂಡದ ಅತಿ ಕಿರಿಯ ಹುಡುಗನ ಕೈಗೆ ವಿಸಿಲ್ ಕೊಟ್ಟು ಮೂರು ಸಲ ಊದಿಸಿ. ರೇಂಜರ್ ಇರಲಿ, ಠಾಣಾಧಿಕಾರಿ ಇರಲಿ, ಅವನು ಊದಿದ ಕೂಡಲೇ ಎಲ್ಲರೂ ಸಾಮಾನು ಬಿಟ್ಟು ನಡೆಯಬೇಕು. ಕೊನೆಯವರು ಸುರಕ್ಷಿತ ಜಾಗ ಮುಟ್ಟಲು ಎಷ್ಟು ನಿಮಿಷ ಆಯಿತು ಅಂತ ಬರೆದಿಡಿ. ಜಾಸ್ತಿ ಆಯಿತು ಅನಿಸಿದರೆ ದಾರಿ ಕಡಿದು ಅಗಲ ಮಾಡಿ, ಮರುವಾರ ಮತ್ತೆ ಹೋಗಿ.